ಅಲ್ಸರ್‌ಗಾಗಿ ಜಠರದ ಭಾಗ ತೆಗೆದು ಮೂವತ್ತು ವರ್ಷ ಕಳೆದ ಮೇಲೆ ಕ್ಯಾನ್ಸರ್ ಬರಬಹುದೇ?

ಪ್ರಶ್ನೆ (ಗದಗ):
ನಮ್ಮ ತಂದೆಯವರಿಗೆ 68 ವರ್ಷ. 1993ರಲ್ಲಿ ಅಲ್ಸರ್‌ನಿಂದ ಜಠರದ ಕೆಳಬಾಯಿ ಕಟ್ಟಿಕೊಂಡು, ಉಂಡದ್ದೆಲ್ಲ ವಾಂತಿಯಾಗುತ್ತಿದ್ದುದರಿಂದ, ಹುಬ್ಬಳ್ಳಿಯಲ್ಲಿ ಜಠರದ ಕೆಳಭಾಗವನ್ನು ತೆಗೆದು ಉಳಿದುದನ್ನು ಸಣ್ಣ ಕರುಳಿಗೆ ಜೋಡಿಸಿದ್ದರು. ಅಂದಿನಿಂದ ಹೊಲದ ಕೆಲಸವನ್ನೂ ಬಿಡದೆ ಚೆನ್ನಾಗಿದ್ದವರು, ನಾಲ್ಕು ತಿಂಗಳಿಂದ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತೆನ್ನುತ್ತಾರೆ. ಆರು ಕಿಲೋ ತೂಕ ಇಳಿದಿದೆ, ಹಿಮೋಗ್ಲೋಬಿನ್ 8.2ಕ್ಕೆ ಬಂದಿದೆ. ಆಪರೇಷನ್ ಆದವರಿಗೆ ರಕ್ತ ಕಡಿಮೆಯಾಗುವುದು ಸಹಜವೆಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟಿದ್ದಾರೆ. ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಕತ್ತರಿಸಿದ ಜಠರದಲ್ಲಿ ಇಷ್ಟು ವರ್ಷಗಳ ಮೇಲೆ ಕ್ಯಾನ್ಸರ್ ಹುಟ್ಟುವುದುಂಟೇ?

ಉತ್ತರ 1 (ಶಸ್ತ್ರಚಿಕಿತ್ಸಕ, ಧಾರವಾಡ):
ಉಂಟು. ಇಂಥ ಶಸ್ತ್ರಚಿಕಿತ್ಸೆಯಾದವರಲ್ಲಿ ಬಹುಪಾಲು ಜನರಿಗೆ ಅದು ಬರುವುದಿಲ್ಲವೆಂಬುದೂ ಅಷ್ಟೇ ನಿಜ. ಉಳಿದ ಜಠರದ ಈ ಕ್ಯಾನ್ಸರನ್ನು ಬ್ಯಾಲ್ಫೋರ್ ಎಂಬ ಶಸ್ತ್ರಚಿಕಿತ್ಸಕರು 1922ರಲ್ಲೇ ವರದಿ ಮಾಡಿದ್ದರು. ಮೊದಲ ವರ್ಷಗಳಲ್ಲಿ ಅಪಾಯ ಹೆಚ್ಚಿರುವುದಿಲ್ಲ; ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಏರತೊಡಗುತ್ತದೆ, ಆದ್ದರಿಂದ ಮೂವತ್ತು ವರ್ಷ ಆರಾಮಾಗಿದ್ದರೆಂಬುದನ್ನೇ ನಿಶ್ಚಿಂತೆಗೆ ಕಾರಣವಾಗಿ ಹಿಡಿಯಬಾರದು.

ಕಾರಣ ಹೊಲಿಗೆಯಲ್ಲಿಲ್ಲ, ಬದಲಾದ ದಾರಿಯಲ್ಲಿದೆ. ಜಠರವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಬಿಲ್‌ರಾತ್ ಎರಡನೆಯ ವಿಧಾನದಲ್ಲಿ ಪಿತ್ತರಸವೂ ಮೇದೋಜೀರಕ ರಸವೂ ಹಿಂದಕ್ಕೆ ಹರಿದು, ಜೋಡಣೆಯ ಸುತ್ತಲಿನ ಒಳಪೊರೆಯನ್ನು ವರ್ಷಗಟ್ಟಲೆ ಕೆರಳಿಸುತ್ತವೆ. ಕೆಳಭಾಗದೊಂದಿಗೆ ಗ್ಯಾಸ್ಟ್ರಿನ್ ಹಾರ್ಮೋನಿನ ಮುಖ್ಯ ಮೂಲವೂ ಹೋಗುವುದರಿಂದ ಆಮ್ಲ ತಗ್ಗುತ್ತದೆ. ಆಮ್ಲವಿಲ್ಲದ ಜಠರದಲ್ಲಿ ಬ್ಯಾಕ್ಟೀರಿಯಾ ಬೆಳೆದು, ಆಹಾರದ ನೈಟ್ರೇಟಿನಿಂದ ಕ್ಯಾನ್ಸರ್‌ಕಾರಕ ನೈಟ್ರೋಸೋ ಸಂಯುಕ್ತಗಳು ಹುಟ್ಟಲು ಅನುಕೂಲವಾಗುತ್ತದೆ. ತಂಬಾಕು ಈ ಅಪಾಯಕ್ಕೆ ಇನ್ನಷ್ಟು ಸೇರಿಸುತ್ತದೆ.

ಕಬ್ಬಿಣ ಮತ್ತು ಬಿ12 ಸರಿಯಾಗಿ ಹೀರಿಕೆಯಾಗದೆ ಇಂಥವರಿಗೆ ರಕ್ತಹೀನತೆ ಬರುವುದು ನಿಜ. ಆದರೆ ತೂಕವೂ ಇಳಿದು, ಹೊಟ್ಟೆಯೂ ಬೇಗ ತುಂಬುವಾಗ, ಎಂಡೋಸ್ಕೋಪಿ ಮಾಡದೆ ಗುಳಿಗೆಯಲ್ಲೇ ದಿನ ಕಳೆಯುವುದನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಈ ವಾರವೇ ಮಾಡಿಸಿರಿ. ನೋಟಕ್ಕೆ ಎಲ್ಲ ಸರಿಯಿದ್ದರೂ ಜೋಡಣೆಯ ಸುತ್ತ ಹಲವು ಕಡೆಯಿಂದ ಬಯಾಪ್ಸಿ ತೆಗೆಯುವಂತೆ ವಿನಂತಿಸಿರಿ.

ಉತ್ತರ 2 (ಹಾವೇರಿ):
ನಮ್ಮ ಯಜಮಾನರಿಗೆ ಜಠರದ ಭಾಗ ತೆಗೆದದ್ದು ಕ್ಯಾನ್ಸರಿಗಾಗಿಯೇ. ಅಂಥವರಲ್ಲಿ ಎರಡನೆಯ ಗಡ್ಡೆ ಇಷ್ಟು ವರ್ಷ ಕಾಯದೆ ಬೇಗನೆಯೂ ಕಾಣಿಸಬಹುದೆಂದು ವೈದ್ಯರು ತಿಳಿಸಿದ್ದರಿಂದ, ವರ್ಷಕ್ಕೊಮ್ಮೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಒಂದು ಮಾತು ಮುಖ್ಯ: ಉಳಿದ ಜಠರದಿಂದ ಆಹಾರ ನಿಧಾನವಾಗಿ ಇಳಿಯಬಹುದು. ಮೊದಲ ಸಲ ರಾತ್ರಿ ಎಂದಿನಂತೆ ಊಟ ಮಾಡಿಸಿ ಕರೆದೊಯ್ದಿದ್ದೆ; ಬೆಳಿಗ್ಗೆಯೂ ಅನ್ನ ಹಾಗೆಯೇ ಇದ್ದುದರಿಂದ ಒಳಗೆ ಏನೂ ಕಾಣದೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಯಿತು. ಹಿಂದಿನ ದಿನ ಗಂಜಿ, ಸಾರಿನಂಥ ದ್ರವಾಹಾರವಷ್ಟೇ ಕೊಡಬೇಕೇ ಎಂದು ಮೊದಲೇ ಕೇಳಿಕೊಳ್ಳಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಟ್ರಂಕಿನಲ್ಲಿ 1993ರ ಡಿಸ್ಚಾರ್ಜ್ ಚೀಟಿ ಸಿಕ್ಕಿತು. ಅದರಲ್ಲಿ ಬಿಲ್‌ರಾತ್ ಎರಡನೆಯ ವಿಧವೆಂದೇ ಇದೆ. ಗುರುವಾರ ಎಂಡೋಸ್ಕೋಪಿ. ಅಲ್ಸರ್ ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಕೇಳಬೇಕೇ?

ಉತ್ತರ 1 (ಶಸ್ತ್ರಚಿಕಿತ್ಸಕ, ಧಾರವಾಡ):
ಕೇಳಬೇಕು, ಅದೇ ಬಯಾಪ್ಸಿಯಲ್ಲಿ ಅದನ್ನೂ ನೋಡಬಹುದು. ಸೋಂಕಿದ್ದರೆ ಔಷಧಿಯಿಂದ ಹೋಗುತ್ತದೆ. ಆ ಹಳೆಯ ಚೀಟಿಯನ್ನು ಮರೆಯದೆ ಒಯ್ಯಿರಿ. ಜೋಡಣೆ ಎಲ್ಲಿದೆ, ಎಷ್ಟು ಭಾಗ ಉಳಿದಿದೆ ಎಂಬುದು ಎಂಡೋಸ್ಕೋಪಿ ಮಾಡುವವರಿಗೆ ಮೊದಲೇ ತಿಳಿದಿರಬೇಕು.