ಐತಿಹಾಸಿಕ ಫ್ಯಾಂಟಸಿ ಸರಣಿಯ ಎರಡನೇ ಭಾಗ: ಓದಿದವರ ಮಾತನ್ನ ಹೇಗೆ ತೂಗೋದು?

ತುಮಕೂರಿನಿಂದ ಪ್ರಶ್ನೆ

ನಮ್ಮ ಓದುಗರ ಬಳಗಕ್ಕೆ ಮೂರು ಭಾಗದ ಐತಿಹಾಸಿಕ ಫ್ಯಾಂಟಸಿಯ ಎರಡನೇ ಭಾಗದ ಕರಡು ಬಂದಿದೆ, 340 ಪುಟ. ಮೊದಲನೆಯದು ಈಗಾಗಲೇ ಅಚ್ಚಾಗಿದೆ. ಕಥೆ ನಡೆಯೋದು ಕ್ರಿ.ಶ. 1000ರ ಆಸುಪಾಸಿನ ಕೋಲಾರದಲ್ಲಿ, ಗಂಗರು ಇಳಿದು ಚೋಳರು ಬರೋ ಹೊತ್ತು. ಚೇಳಿನ ವಿಷವನ್ನ ಮಂತ್ರದಿಂದ ಕಟ್ಟೋ ಒಂದು ಮನೆತನದ ಕಥೆ. ಮೂರನೇ ಭಾಗದಲ್ಲಿ ಆ ಮನೆತನ ಮೊಗಲರ ಶಿರಾಕ್ಕೆ ಬರುತ್ತೆ. ಓದಿದ 12 ಜನರ ಮಾತು ಒಂದಕ್ಕೊಂದು ತಾಳೆ ಆಗ್ತಿಲ್ಲ. ಕೆಲವರಿಗೆ ಇತಿಹಾಸ ಜಾಸ್ತಿಯಾಯ್ತು, ಕೆಲವರಿಗೆ ಸಾಲದು. "ಮಂತ್ರ ಬೇಕಾದಾಗ ಬೇಕಾದ ಹಾಗೆ ಕೆಲಸ ಮಾಡುತ್ತೆ" ಅಂತ ಮೂವರು ಬರೆದಿದ್ದಾರೆ. ಲೇಖಕರಿಗೆ ಏನನ್ನ ದಾಟಿಸಬೇಕು, ಏನನ್ನ ಬಿಡಬೇಕು? ತಿಳಿದವರು ಹೇಳಿ.

ಕೋಲಾರದಿಂದ

ಸರ್, "ಹೇಗಿತ್ತು?" ಅಂತ ಕೇಳಿದ್ರೆ "ಚೆನ್ನಾಗಿತ್ತು" ಅಂತಲೇ ಉತ್ತರ ಬರೋದು. ಎಲ್ಲಿ ಪುಸ್ತಕ ಕೆಳಗಿಟ್ಟರು ಅಂತ ಕೇಳಿ. ಕರಡನ್ನ 60 ಪುಟದ ಕಂತು ಮಾಡಿ, ಒಂದೊಂದಕ್ಕೆ ಹತ್ತು ದಿನ ಕೊಡಿ, ಜೊತೆಗೊಂದು ಪೆನ್ಸಿಲ್. ಬೇಸರ ಆದ ಕಡೆ ಅಡ್ಡಗೆರೆ, ಅರ್ಥ ಆಗದ ಕಡೆ ಪ್ರಶ್ನೆ ಗುರುತು, ನಂಬಿಕೆ ಬಾರದ ಕಡೆ ಸುತ್ತು. ಬರೆದು ಕೊಡೋವರೆಗೂ ಓದುಗರು ತಮ್ಮತಮ್ಮಲ್ಲಿ ಮಾತಾಡಬಾರದು. ಒಬ್ಬರು ಜೋರಾಗಿ ಹೇಳಿದ್ದೇ ಉಳಿದವರ ಅಭಿಪ್ರಾಯ ಆಗಿಬಿಡುತ್ತೆ.

ಆಮೇಲೆ 12 ಪ್ರತಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಪುಟದಲ್ಲಿ ಮೂರು ಗುರುತು ಬಿದ್ದಿದ್ರೆ ಅಲ್ಲಿ ನಿಜವಾಗಿ ಏನೋ ಕೆಟ್ಟಿದೆ. ಒಂದೇ ಗುರುತು ಇದ್ರೆ ಸುಮ್ಮನಿರಿ. ಮೊದಲ ಭಾಗ ಓದದವರ ಪ್ರತಿಗಳನ್ನ ಬೇರೆಯೇ ಕಟ್ಟಿಡಿ. ಅವರ ಪ್ರಶ್ನೆ ಗುರುತು ಮೊದಲ 40 ಪುಟದಲ್ಲೇ ನಿಂತಿದ್ರೆ ತೊಂದರೆ ಇಲ್ಲ, 100 ದಾಟಿದ್ರೆ ಹಿಂದಿನ ಕಥೆ ಸರಿಯಾಗಿ ಬೆರೆತಿಲ್ಲ ಅಂತ. ಇನ್ನು "ಈ ಪಾತ್ರ ಸಾಯಬಾರದಿತ್ತು, ಹೀಗೆ ಮುಗಿಸಿ" ಅನ್ನೋ ಸಲಹೆಗಳಿವೆಯಲ್ಲ, ಅವನ್ನ ಲೇಖಕರಿಗೆ ಕೊಡಲೇಬೇಡಿ. ನೋವು ಎಲ್ಲಿದೆ ಅಂತ ಓದುಗ ತೋರಿಸಲಿ, ಮದ್ದು ಅರೆಯೋದು ಲೇಖಕರ ಕೆಲಸ.

ಮುಳಬಾಗಿಲಿನಿಂದ

"ಇತಿಹಾಸ ಜಾಸ್ತಿ" ಅಂದವರು ಸಾಮಾನ್ಯವಾಗಿ ಬೇಸತ್ತಿರೋದು ವಂಶಾವಳಿಗೆ. ಗಂಗರಲ್ಲಿ ರಾಚಮಲ್ಲ, ನೀತಿಮಾರ್ಗ ಅನ್ನೋ ಹೆಸರುಗಳು ತಲೆಮಾರು ಬಿಟ್ಟು ತಲೆಮಾರು ಮರಳಿ ಬರ್ತವೆ. ಒಂದು ಅಧ್ಯಾಯದಲ್ಲಿ ಒಬ್ಬನೇ ರಾಚಮಲ್ಲ ಇರಲಿ, ಉಳಿದವರು "ಅಜ್ಜ", "ದೊರೆಯ ತಮ್ಮ" ಅಂತ ಬರಲಿ.

ತಪ್ಪು ನುಸುಳೋದು ರಾಜರ ವಿಷಯದಲ್ಲಲ್ಲ, ಅಡುಗೆಮನೆ ಮತ್ತು ಹೊಲದಲ್ಲಿ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ, ಮುಸುಕಿನ ಜೋಳ, ಸೀಬೆ, ಸೀತಾಫಲ ಇವೆಲ್ಲ ಅಮೆರಿಕ ಖಂಡದವು, 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ನಮ್ಮ ಕಡೆ ಇಳಿದವು. ಈಗಿನ ಕೋಲಾರವನ್ನ ಟೊಮ್ಯಾಟೊ ಇಲ್ಲದೆ ಯೋಚಿಸೋದು ಕಷ್ಟ, ಅದಕ್ಕೇ ಕೈ ಜಾರುತ್ತೆ. ಆಗ ಖಾರ ಅಂದ್ರೆ ಕರಿಮೆಣಸು. ರಾಗಿ, ನವಣೆ, ಸಾಮೆ, ಅವರೆ, ಹುರುಳಿ, ಹುಣಸೆ ಧಾರಾಳವಾಗಿ ಬರಲಿ. ಬೇಲಿಗೆ ಕತ್ತಾಳೆ, ಗುಡ್ಡದಲ್ಲಿ ಲಂಟಾನ, ದೂರದಲ್ಲಿ ನೀಲಗಿರಿ ತೋಪು ಇದ್ರೆ ಮೂರನ್ನೂ ಹೊಡೆದು ಹಾಕಿ. ಹೊಂಗೆ, ಬೇವು, ಮುತ್ತುಗ, ಅತ್ತಿ ಬರೆಯಿರಿ.

ಕಟ್ಟಡಗಳನ್ನೂ ನೋಡ್ಕೊಳ್ಳಿ. ನಂದಿಬೆಟ್ಟದ ಮೇಲೆ ಈಗ ಕಾಣೋ ಕೋಟೆ ಹೈದರ್, ಟಿಪ್ಪು ಕಾಲದ್ದು. ತಪ್ಪಲಿನ ಭೋಗನಂದೀಶ್ವರನ ಮೂಲ ಗುಡಿ ಹಳೆಯದು, 9ನೇ ಶತಮಾನಕ್ಕೆ ಹೋಗುತ್ತೆ, ಆದ್ರೆ ಕಲ್ಯಾಣ ಮಂಟಪ ಆಮೇಲೆ ಸೇರಿದ್ದು. ಅಲ್ಲಿ ಮದುವೆಯ ಸನ್ನಿವೇಶ ಇಟ್ಟಿದ್ರೆ ತೆಗೀಬೇಕು. ರಾಜಧಾನಿ ತಲಕಾಡಿಗೆ ಹೋಗಿ ಎಷ್ಟೋ ಕಾಲವಾದ್ರೂ ಗಂಗ ದೊರೆಗಳು "ಕುವಳಾಲಪುರವರೇಶ್ವರ, ನಂದಗಿರಿನಾಥ" ಅನ್ನೋ ಬಿರುದು ಬಿಡಲಿಲ್ಲ. ಕುವಳಾಲ ಅಂದ್ರೆ ನಮ್ಮ ಕೋಲಾರ. ಕೈ ತಪ್ಪಿದ ಊರಿನ ಹೆಸರನ್ನ ಹೊಗಳುಭಟ ಕೂಗೋದು ಕೇಳಿಸಿದ್ರೆ ಸಾಕು, ಹತ್ತು ಪುಟದ ವಂಶಾವಳಿ ಬೇಕಾಗಲ್ಲ.

ದಾರಿಯ ಲೆಕ್ಕ: ಕೋಲಾರದಿಂದ ತಲಕಾಡಿಗೆ ಸುಮಾರು 200 ಕಿ.ಮೀ. ಎತ್ತಿನ ಗಾಡಿ ದಿನಕ್ಕೆ 20-25 ಕಿ.ಮೀ. ಹೋಗುತ್ತೆ. ಎಂಟು-ಹತ್ತು ದಿನದ ಪಯಣ ಒಂದೇ ರಾತ್ರಿಯಲ್ಲಿ ಮುಗಿದಿದ್ರೆ ಓದುಗರು ಸುತ್ತು ಹಾಕಿಯೇ ಹಾಕ್ತಾರೆ. ಹೆಸರು, ಬಿರುದು, ದತ್ತಿಯ ಮಾದರಿಗೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕ ನೋಡಿ, ಅದರ 10ನೇ ಸಂಪುಟ ಕೋಲಾರ ಜಿಲ್ಲೆಯದು, 12ನೆಯದು ತುಮಕೂರಿನದು.

ಶಿರಾದಿಂದ

ಮಾತಿನ ಬಗ್ಗೆ ನಾಲ್ಕು ಸಾಲು. ನಿರೂಪಣೆ ಈಗಿನ ಕನ್ನಡದಲ್ಲೇ ಇರಲಿ, ಹಳಗನ್ನಡಕ್ಕೆ ಕೈ ಹಾಕೋದು ಬೇಡ. ಆದ್ರೆ ಪಾತ್ರದ ಬಾಯಲ್ಲಿ ಖಜಾನೆ, ದರ್ಬಾರು, ಸಿಪಾಯಿ, ಹುಕುಂ 1000ನೇ ಇಸವಿಗೆ ಹೊಂದಲ್ಲ. ಭಂಡಾರ, ಓಲಗ, ಆಳು, ಆಣತಿ ಸಾಕು. "ಎರಡು ಗಂಟೆ ಕಾದ" ಅನ್ನೋದನ್ನ ಗಳಿಗೆಗೆ ತಿರುಗಿಸಿ: ಗಳಿಗೆ 24 ನಿಮಿಷ, ಜಾವ ಮೂರು ಗಂಟೆ. ಇವೇ ಪಾರಸಿ ಮಾತುಗಳನ್ನ ಮೂರನೇ ಭಾಗಕ್ಕೆ ಎತ್ತಿಡಿ. ಅಲ್ಲಿ ಫೌಜುದಾರ, ಕಿಲ್ಲೇದಾರ, ಹರಕಾರ ಬಂದ ಕೂಡಲೇ 700 ವರ್ಷ ಸರಿದದ್ದು ಕಿವಿಗೇ ತಿಳಿಯುತ್ತೆ. ಶಿರಾ ಮೊಗಲರ ಸುಬಾ (ಪ್ರಾಂತ್ಯ) ಆಗಿದ್ದು 1687ರಲ್ಲಿ. ಜುಮ್ಮಾ ಮಸೀದಿ 1696ರದ್ದು, ಇಲ್ಲಿ ಬಿಜಾಪುರದವರ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿ ಅದಕ್ಕೂ ಹಿಂದಿನದು. ಕಥೆ 1690ರಲ್ಲಿ ನಡೆದ್ರೆ ಗೋರಿ ಇರಬಹುದು, ಆ ಮಸೀದಿ ಇರಬಾರದು.

ಗೌರಿಬಿದನೂರಿನಿಂದ

ಮೂವರು ಒಂದೇ ಮಾತು ಬರೆದಿದ್ದಾರಲ್ಲ, ಮೊದಲು ಕೈ ಹಾಕಬೇಕಾದ್ದು ಅದಕ್ಕೇ. ಮಂತ್ರ ಏನು ಮಾಡಲಾರದು ಅನ್ನೋದನ್ನ ಲೇಖಕರು ಒಂದು ಹಾಳೆಯಲ್ಲಿ ಬರೆದು ಕೊಡಲಿ. ಎಷ್ಟು ಹೊತ್ತು ನಿಲ್ಲುತ್ತೆ, ಕಟ್ಟಿದವರ ಮೈಗೆ ಏನಾಗುತ್ತೆ, ಒಂದು ದಿನಕ್ಕೆ ಎಷ್ಟು ಸಲ? ಉದಾಹರಣೆಗೆ, ಕಟ್ಟು ಒಂದು ಜಾವ ನಿಲ್ಲುತ್ತೆ, ಅಷ್ಟು ಹೊತ್ತು ಕಟ್ಟಿದವಳ ಬಲಗೈಗೆ ಸ್ಪರ್ಶ ಇರಲ್ಲ. ಆಮೇಲೆ ಕರಡಿನಲ್ಲಿ ಮಂತ್ರ ಬಳಸಿದ ಪ್ರತಿ ಪುಟವನ್ನ ಆ ಹಾಳೆಗೆ ಹಿಡಿದು ನೋಡಿ. ನಿಯಮ ಮುರಿದಿದ್ರೆ ಆ ಜಾಗವನ್ನೇ ತಿದ್ದಬೇಕು. ಮೊದಲ ಭಾಗ ಅಚ್ಚಾಗಿರೋದ್ರಿಂದ ಅಲ್ಲಿ ಹೇಳಿದ್ದನ್ನ ಬದಲಾಯಿಸೋ ಹಾಗಿಲ್ಲ, ಎರಡನೇ ಭಾಗದಲ್ಲಿ ಹೊಸ ಶಕ್ತಿ ಬಂದ್ರೆ ಅದರ ಬೆಲೆಯೂ ಅದೇ ಪುಟದಲ್ಲಿ ಕಾಣಬೇಕು. ಇನ್ನೊಂದು ಪಟ್ಟಿಯಲ್ಲಿ ವಯಸ್ಸು, ಗಾಯ, ಯಾರ ಕೈಯಲ್ಲಿ ಯಾವ ವಸ್ತು, ತಿಥಿ ಇರಲಿ. ಅಮಾವಾಸ್ಯೆಯ ಮೂರನೇ ದಿನ ತುಂಬು ಬೆಳದಿಂಗಳು ಬರೋದು ಸರಣಿಗಳಲ್ಲಿ ತುಂಬಾ ಸಾಮಾನ್ಯ.

ತುಮಕೂರಿನಿಂದ, ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳೀತು. ಕರಡಿನಲ್ಲಿ ಖಳ ಕೂತು ಮಂತ್ರ ಸಾಧಿಸೋದು ಕೋಲಾರಮ್ಮನ ಗುಡಿಯಲ್ಲಿರೋ ಚೇಳಿನ ದೇವಿ ಚೇಳಮ್ಮನ ಮುಂದೆ. ಇಬ್ಬರು ಓದುಗರಿಗೆ ಅದು ಹಿಡಿಸಿಲ್ಲ.

ಕೋಲಾರದಿಂದ

ಎರಡೇ ಗುರುತಾದ್ರೂ ಇದನ್ನ ಬಿಡಬೇಡಿ ಸರ್. ಚೇಳು ಕಡಿಯದಿರಲಿ ಅಂತ ಜನ ಇವತ್ತೂ ಆ ತಾಯಿಗೆ ಕೈ ಮುಗೀತಾರೆ, ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕ್ತಾರೆ. ಅಲ್ಲಿ ಈಗಿರೋ ಕಲ್ಲಿನ ಗೋಡೆ ಕಥೆಯ ಕಾಲಕ್ಕಿಂತ ಆಮೇಲಿನದು, ಅದು ಬೇಡ; ಕಾಪಾಡೋ ತಾಯಿಯನ್ನ ಇದ್ದ ಹಾಗೇ ಬಳಸಲಿ. ಖಳನ ಸಾಧನೆಗೆ ಹೆಸರಿಲ್ಲದ ಒಂದು ಪಾಳು ಗುಡಿಯನ್ನ ಕಲ್ಪಿಸ್ಕೊಳ್ಳಲಿ, ಅಂತರಗಂಗೆ ಬೆಟ್ಟದ ಬಂಡೆಗಳ ನಡುವೆ ಅದಕ್ಕೆ ಬೇಕಾದಷ್ಟು ಜಾಗ ಇದೆ. ಅವನು ಕಟ್ಟಿದ ವಿಷ ಚೇಳಮ್ಮನ ಹೊಸ್ತಿಲ ಹತ್ರ ಬಂದಾಗ ಬಿಚ್ಚಿಕೊಳ್ಳಲಿ. ಮಂತ್ರದ ಹಾಳೆಯಲ್ಲಿ "ಏನು ಮಾಡಲಾರದು" ಅನ್ನೋ ಕಡೆ ಮೊದಲ ಸಾಲು ಇದೇ ಆಗಬಹುದು.