‘ಕೋಲ್ಡ್ ಕಾಲ್’ಗೆ ಏನಂತೀರಿ? ತಣ್ಣನೆ ಕರೆ ಮಾತ್ರ ಬೇಡ

ಗೆಳೆಯರೇ,

ನಮ್ಮಕ್ಕನ ಮಗ ತುಮಕೂರಿನಲ್ಲಿ ಸೈಟ್ ವ್ಯವಹಾರ ಶುರು ಮಾಡಿದ್ದಾನೆ. ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ. ಅವರಿಗೆ ಕೊಡೋಕೆ ಅಂತ ಅಮೆರಿಕದ ಯಾವುದೋ ತರಬೇತಿ ಟಿಪ್ಪಣಿಯನ್ನು ಮೊಬೈಲಿನಲ್ಲೇ ಕನ್ನಡ ಮಾಡಿಸಿ, "ಮಾವ, ಸ್ವಲ್ಪ ತಿದ್ದಿಕೊಡು" ಅಂತ ಕಳಿಸಿದ. ಮೊದಲ ಸಾಲೇ ಹೀಗಿತ್ತು: "ಹೊಸ ಪಟ್ಟಿಗಳಿಗಾಗಿ ದಿನವೂ ತಣ್ಣನೆಯ ಕರೆ ಮಾಡಿ, ನಂತರ ಬೇಸಾಯ ಮಾಡಿ." ನಕ್ಕೂ ನಕ್ಕೂ ಸಾಕಾಯಿತು. ತಿದ್ದೋಕೆ ಕೂತಾಗ ಮಾತ್ರ ನಗು ನಿಂತಿತು.

ಮೊದಲು ‘ಪಟ್ಟಿ’, ಮೂಲದಲ್ಲಿ ‘ಲಿಸ್ಟಿಂಗ್’. ಅಮೆರಿಕದಲ್ಲಿ ಮನೆ ಮಾರೋರು ಒಬ್ಬ ಏಜೆಂಟಿಗೆ ‘ಇಷ್ಟು ತಿಂಗಳು ನೀನೇ ಮಾರಿಕೊಡು’ ಅಂತ ಬರೆದುಕೊಡುತ್ತಾರೆ, ಆ ಒಪ್ಪಂದವೇ ಲಿಸ್ಟಿಂಗ್. ಅವಧಿ ಮುಗಿದರೂ ಮನೆ ಮಾರದಿದ್ದರೆ ಅದು ‘ಎಕ್ಸ್‌ಪೈರ್ಡ್’, ಮಾರನೇ ದಿನವೇ ಉಳಿದ ಏಜೆಂಟರೆಲ್ಲ ಆ ಮನೆಗೆ ಫೋನ್ ಹಚ್ಚುತ್ತಾರೆ. ನಮ್ಮಲ್ಲಿ ಒಂದೇ ಸೈಟನ್ನು ಐದು ಜನ ಬ್ರೋಕರ್‌ಗಳು ತೋರಿಸುತ್ತಿರುತ್ತಾರೆ, ಯಾರ ಹತ್ತಿರವೂ ಕಾಗದ ಇರುವುದಿಲ್ಲ. ಅವರ ಬಂಡವಾಳ ‘ಇಂಥವರು ಮಾರುತ್ತಾರಂತೆ’ ಅನ್ನೋ ಸುದ್ದಿ, ಅಷ್ಟೇ. ಹಾಗಾಗಿ ‘ಪಟ್ಟಿ’ ತೆಗೆದು ‘ಮಾರಾಟದ ಸುದ್ದಿ’ ಅಂತ ಹಾಕಿದೆ. ಗಿರಾಕಿ ಸಿಗಬಹುದು ಅನ್ನೋ ಸೂಚನೆಗೆ ಅವರು ‘ಲೀಡ್’ ಅಂತಾರೆ, ಅದಕ್ಕೆ ‘ಸುಳಿವು’ ಸಲೀಸಾಗಿ ಕೂತಿತು. ಅಂದಹಾಗೆ ‘ದಲ್ಲಾಳಿ’ ಅರಬ್ಬಿಯ ‘ದಲ್ಲಾಲ್’ನಿಂದ ಬಂದದ್ದು, ಅದರ ಮೂಲ ಧಾತುವಿಗೆ ದಾರಿ ತೋರಿಸು ಅನ್ನೋ ಅರ್ಥ. ಆದರೆ ಇಲ್ಲಿ ಮಂಡಿಯವರನ್ನು ದಲ್ಲಾಳಿ ಅಂದರೆ ಸರಿ, ಸೈಟಿನವರನ್ನು ಅಂದರೆ ಮುಖ ಗಂಟಿಕ್ಕುತ್ತಾರೆ.

ಇನ್ನು ‘ಕೋಲ್ಡ್ ಕಾಲ್’. ಗುರುತು ಪರಿಚಯ ಇಲ್ಲದವರಿಗೆ, ಅವರು ಕೇಳದೇ ಇರುವಾಗ, ನಾವಾಗಿ ಫೋನ್ ಮಾಡಿ ಮಾರ್ತೀರಾ ಅಂತ ವಿಚಾರಿಸೋದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳು ಇಂಥ ಕರೆಗಳನ್ನು ಸೇರಿಸುವ ವರ್ಗವನ್ನು ಕನ್ನಡದಲ್ಲಿ ‘ಅನಪೇಕ್ಷಿತ ವಾಣಿಜ್ಯ ಸಂವಹನ’ ಅನ್ನಬೇಕು. ಅಷ್ಟು ಹೇಳೋದರೊಳಗೆ ಆ ಕಡೆಯವರು ಫೋನ್ ಇಟ್ಟಿರುತ್ತಾರೆ. ನನಗೆ ಹೊಳೆದದ್ದು ‘ಕರೆಯದ ಕರೆ’. ಕನ್ನಡದ ‘ಕರೆ’ಯಲ್ಲಿ ಕೂಗೋದೂ ಇದೆ, ಮನೆಗೆ ಬಾ ಅನ್ನೋದೂ ಇದೆ, ಈಗ ಫೋನೂ ಸೇರಿಕೊಂಡಿದೆ. ಹಾಗಾಗಿ ಕರೆಯದೇ ಬಂದ ನೆಂಟನ ನೆರಳು ಅದರಲ್ಲಿ ತಾನಾಗೇ ಬೀಳುತ್ತೆ. ಅಳಿಯನಿಗೆ ಇದು ಇಷ್ಟವಾಗಲಿಲ್ಲ, "ಬೈದ ಹಾಗಿದೆ ಮಾವ" ಅಂದ. ‘ದುಂಬಾಲು ಬೀಳೋದು’ ಅಂತ ಬರೀಲಾ ಅಂದೆ, ಇನ್ನೂ ಬೇಜಾರಾದ.

ಬರೀ ತಮಾಷೆ ಅಲ್ಲ, ನನಗೇ ಹೋದ ತಿಂಗಳು ಇಂಥ ಕರೆ ಬಂತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. "ಸಾರ್, ಶಿರಾ ಗೇಟ್ ಹತ್ರ ನಿಮ್ದೊಂದು ತರ್ಟಿ ಫಾರ್ಟಿ ಇದೆಯಲ್ವಾ, ಕೊಡೋ ಐಡಿಯಾ ಏನಾದ್ರೂ ಇದೆಯಾ? ಪಾರ್ಟಿ ರೆಡಿ ಇದೆ." ನಂಬರ್ ಎಲ್ಲಿ ಸಿಕ್ತಪ್ಪಾ ಅಂದರೆ, "ಬೋರ್ಡಲ್ಲೇ ಇದೆಯಲ್ಲ ಸಾರ್!" ಯಾರಾದರೂ ಸುಳ್ಳು ಕಾಗದ ಮಾಡಿ ಮಾರಿಬಿಟ್ಟಾರು ಅಂತ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಅಂತ ನಾನೇ ತಗಡಿನ ಬೋರ್ಡ್ ಬರೆಸಿ, ಕೆಳಗೆ ನಂಬರ್ ಹಾಕಿಸಿದ್ದೆ. ಮಾರಾಟಕ್ಕಿಲ್ಲ ಅಂದದ್ದೇ ಅವರಿಗೆ ಸುಳಿವಾಯಿತು. ಜಮೀನಾದರೆ ಇನ್ನೊಂದು ದಾರಿ: ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನ ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಎಲ್ಲ ಸಿಗುತ್ತೆ. ಫೋನ್ ನಂಬರ್ ಅದರಲ್ಲಿರುವುದಿಲ್ಲ. ಅದಕ್ಕೆ ಊರಿನ ಟೀ ಅಂಗಡಿ ಇದೆಯಲ್ಲ.

ನನಗೆ ಫೋನ್ ಮಾಡಿದವನ ಮಾತಿನಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಅವನು ‘ಮಾರೋದು’ ಅನ್ನಲೇ ಇಲ್ಲ, ‘ಕೊಡೋದು’ ಅಂದ. ಆಸ್ತಿ ಮಾರಿಕೊಂಡ ಅಂದರೆ ಕಷ್ಟಕ್ಕೆ ಬಿದ್ದ ಅನ್ನೋ ಧ್ವನಿ ಇದೆ ನಮ್ಮಲ್ಲಿ, ‘ಕೊಟ್ಟ’ ಅಂದರೆ ಮರ್ಯಾದೆ ಉಳಿಯುತ್ತೆ. ಇನ್ನೊಂದು, ‘ಪಾರ್ಟಿ ಇದೆ’. ದುಡ್ಡು ಕೊಡೋ ಮನುಷ್ಯ, ಆದರೂ ‘ಇದ್ದಾರೆ’ ಅಲ್ಲ, ‘ಇದೆ’! ಎದುರಿಗೆ ಬಂದು ಕೂತ ಮೇಲೆ ಅದೇ ಪಾರ್ಟಿ ‘ಸಾಹೇಬ್ರು’ ಆಗುತ್ತೆ. ಈ ಎರಡು ಮಾತನ್ನೂ ಟಿಪ್ಪಣಿಯ ಕನ್ನಡದಲ್ಲಿ ಹಾಗೇ ಬಳಸಿಕೊಂಡಿದ್ದೇನೆ.

ಕೊನೆಗೆ ಆ ‘ಬೇಸಾಯ’. ಒಂದು ಬಡಾವಣೆ ಹಿಡಿದು ವರ್ಷಗಟ್ಟಲೆ ಅಲ್ಲಿಗೇ ಕಾರ್ಡ್ ಕಳಿಸುತ್ತಾ, ಬಾಗಿಲು ತಟ್ಟುತ್ತಾ, ಮುಖ ಪರಿಚಯ ಮಾಡಿಕೊಳ್ಳೋದಕ್ಕೆ ಅಲ್ಲಿನ ಏಜೆಂಟರು ಫಾರ್ಮಿಂಗ್ ಅಂತಾರೆ. ರಾಗಿ ಹೊಲ ಕೊಡಿಸೋ ಬ್ರೋಕರಿಗೆ ‘ಬೇಸಾಯ ಮಾಡಿ’ ಅಂದರೆ ಏನು ತಿಳಕೊಳ್ಳಬೇಕು? ನನಗೆ ನಮ್ಮ ಬೀದಿಯ ಹೂವಿನವಳು ನೆನಪಾದಳು. ಅವಳಿಗೆ ವರ್ತನೆ ಮನೆಗಳಿವೆ, ಅಂದರೆ ಖಾಯಂ ಗಿರಾಕಿಗಳ ಮನೆಗಳು. ಕೊಂಡರೂ ಕೊಳ್ಳದಿದ್ದರೂ ದಿನಾ ಬಾಗಿಲಲ್ಲಿ ನಿಂತು "ಅಮ್ಮಾ, ಹೂವು" ಅನ್ನುತ್ತಾಳೆ. ಮದುವೆ ಬಂದಾಗ ಆರ್ಡರ್ ಅವಳಿಗೇ. ಹಾಗಾಗಿ ‘ಬೀದಿ ವರ್ತನೆ’ ಅಂತ ಬರೆದೆ. ಆದರೆ ಇವತ್ತಿನ ಹುಡುಗರಿಗೆ ವರ್ತನೆ ಅಂದರೆ ನಡತೆ ಮಾತ್ರ, ಪುಂಡಾಟ ಅಂದುಕೊಂಡಾರು ಅನ್ನೋ ಭಯ.

ಕೋಲಾರ, ಚಿಕ್ಕಬಳ್ಳಾಪುರದವರು ಹೇಳಿ, ನಿಮ್ಮ ಕಡೆ ಹೂವು, ಹಾಲಿಗೆ ‘ವರ್ತನೆ’ ಇನ್ನೂ ಬಳಕೆಯಲ್ಲಿದೆಯಾ? ‘ಕರೆಯದ ಕರೆ’ ನಿಜಕ್ಕೂ ಬೈದ ಹಾಗೆ ಕೇಳಿಸುತ್ತಾ? ಭಾನುವಾರದೊಳಗೆ ತಿಳಿಸಿದರೆ ಒಳ್ಳೇದು, ಸೋಮವಾರ ಆ ಹುಡುಗರು ಫೋನ್ ಹಿಡಿದು ಕೂರುತ್ತಾರೆ.