ಎಸ್‌ಎಸ್‌ಎಲ್‌ಸಿ ರಜೆಯಲ್ಲಿ ಕೋಡಿಂಗ್: ಕ್ಯಾಂಪಾ, ಸಿಎಸ್50ಯಾ?

ಪ್ರಶ್ನೆ: ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗೀತು. ಪಿಯುಸಿ ಶುರುವಾಗೋವರೆಗೆ ಕೋಡಿಂಗ್ ಕಲೀತೀನಿ ಅಂತಾಳೆ. ದುಡ್ಡು ಕಟ್ಟಿ ಸಮ್ಮರ್ ಕ್ಯಾಂಪಿಗೆ ಸೇರಿಸೋದಾ, ಹಾರ್ವರ್ಡ್‌ ವಿಶ್ವವಿದ್ಯಾಲಯದ ಆನ್‌ಲೈನ್ ಕಂಪ್ಯೂಟರ್ ಕೋರ್ಸ್ ಸಿಎಸ್50 ಮಾಡಿಸೋದಾ? ಇರೋದು ಹಳೇ ಲ್ಯಾಪ್‌ಟಾಪ್.

ಉತ್ತರ 1: ಸಿಎಸ್50 ಮಾಡಿಸಿ ಸರ್, ಉಚಿತ. ಗಿಟ್‌ಹಬ್ (ಕೋಡ್ ಇಟ್ಟುಕೊಳ್ಳೋ ತಾಣ) ಖಾತೆಯಿದ್ದರೆ ಕೋಡ್ ಬರೆಯೋ ಎಡಿಟರ್ ಬ್ರೌಸರ್‌ನಲ್ಲೇ ತೆರೆಯುತ್ತೆ, ಹಳೇ ಲ್ಯಾಪ್‌ಟಾಪ್ ಸಾಕು. ನೆಟ್ ಮಾತ್ರ ಚೆನ್ನಾಗಿರಬೇಕು. ವಾರ 0 ಸ್ಕ್ರ್ಯಾಚ್ (ಬ್ಲಾಕ್ ಜೋಡಿಸಿ ಕೋಡ್ ಮಾಡೋದು), 1ರಿಂದ 5 ಸಿ ಭಾಷೆ, 6ರಲ್ಲಿ ಪೈಥಾನ್ ಭಾಷೆ. ಮಕ್ಕಳು ಸುಸ್ತಾಗೋದು ಸಿಯಲ್ಲೇ. ಎರಡು ಹೆಸರು ಒಂದೇನಾ ಅಂತ ನೋಡೋಕೆ ಎರಡು ಸಮ ಚಿಹ್ನೆ ಹಾಕಿದರೆ ಸಿ ಹೋಲಿಸೋದು ಅಕ್ಷರಗಳನ್ನಲ್ಲ, ಮೆಮೊರಿ ವಿಳಾಸಗಳನ್ನು. ಪರದೆ ಮೇಲೆ ಎರಡೂ ಒಂದೇ ಥರ ಕಂಡರೂ ಉತ್ತರ ತಪ್ಪು. ಅಲ್ಲಿ ಅಕ್ಷರಗಳನ್ನೇ ಹೋಲಿಸೋ ಸ್ಟ್ರ್‌ಕಂಪ್ (strcmp) ಫಂಕ್ಷನ್ ಬಳಸಬೇಕು. ಒಂದೇ ಆಗಿದ್ದರೆ ಅದು 0 ಕೊಡುತ್ತೆ, 1 ಅಲ್ಲ. ಇನ್ನೊಂದು ಮಾತು: ಚಾಟ್‌ಜಿಪಿಟಿಯಿಂದ ಕೋಡ್ ಬರೆಸಿ ಕಳಿಸೋದು ಅಲ್ಲಿ ನಿಯಮಬಾಹಿರ. ಕೋರ್ಸಿನದೇ ಬಾತುಕೋಳಿ ಚಾಟ್‌ಬಾಟ್ ಇದೆ, ಸುಳಿವು ಕೊಡುತ್ತೆ, ಅದನ್ನು ಕೇಳಲಿ.

ಉತ್ತರ 2: ಸಿ ಕಷ್ಟವಾದರೆ ಹಾರ್ವರ್ಡ್‌ನದೇ ಇನ್ನೊಂದು ಕೋರ್ಸ್ ಸಿಎಸ್50ಪಿ ನೋಡಿ. ಪೂರ್ತಿ ಪೈಥಾನ್, ರಜೆಯೊಳಗೆ ಮುಗಿಯುತ್ತೆ. ವಿಡಿಯೊ ನೋಡಿದರಷ್ಟೇ ಏನೂ ಬರಲ್ಲ, ಪ್ರಾಬ್ಲಮ್ ಸೆಟ್ (ಅಭ್ಯಾಸದ ಲೆಕ್ಕಗಳು) ಬಿಡಿಸಬೇಕು.

ಉತ್ತರ 3: ಗಣಿತ ಇಷ್ಟವಿದ್ದರೆ ಭಾರತೀಯ ಕಂಪ್ಯೂಟಿಂಗ್ ಒಲಿಂಪಿಯಾಡ್ (ಶಾಲಾ ಮಕ್ಕಳ ಪ್ರೋಗ್ರಾಮಿಂಗ್ ಸ್ಪರ್ಧೆ) ಗಮನಿಸಿ. ಅದರ ತರಬೇತಿ ಶಿಬಿರಕ್ಕೆ ನೇರ ಅರ್ಜಿಯಿಲ್ಲ. ಮೊದಲು ವಲಯ ಮಟ್ಟ, ಆಮೇಲೆ ರಾಷ್ಟ್ರೀಯ ಸುತ್ತು, ಅದರಲ್ಲಿ ಆಯ್ಕೆಯಾದವರಿಗೆ ಶಿಬಿರ. ಕೊನೆಗೆ 4 ಮಂದಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗೋ ದೇಶದ ತಂಡಕ್ಕೆ. ಈ ರಜೆಯಲ್ಲಿ ಸಿ++ ಭಾಷೆಯ ಮೂಲಪಾಠ ಮುಗಿಸಿ, ಪ್ರೋಗ್ರಾಮಿಂಗ್ ಲೆಕ್ಕಗಳಿರೋ ಸಿಎಸ್‌ಇಎಸ್ (CSES) ತಾಣದ ಮೊದಲ ವಿಭಾಗ ಬಿಡಿಸಲಿ. ಲೂಪ್ ಸರಿಯಿದ್ದೂ ದೊಡ್ಡ ಸಂಖ್ಯೆಗೆ ಉತ್ತರ ಕೆಟ್ಟರೆ ಸಂಖ್ಯೆಯ ವಿಧವಾದ ಇಂಟ್ (int) ತೆಗೆದು, ಇನ್ನೂ ದೊಡ್ಡ ಸಂಖ್ಯೆ ಹಿಡಿಸೋ ಲಾಂಗ್ ಲಾಂಗ್ (long long) ಹಾಕಿ ನೋಡಲಿ.